ಹಳೆಯ 3800 ಎಂಜಿನ್ನಿನ ಇನ್‌ಟೇಕ್ ಬದಲಿಸುವಾಗ ಪೆಟ್ರೋಲ್ ಪೈಪುಗಳನ್ನು ಬಿಚ್ಚುವ ಸರಿಯಾದ ಕ್ರಮ ಯಾವುದು?

ಪ್ರಶ್ನೆ: ನೋವೈ, ಮಿಷಿಗನ್

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಹಿರಿಯರೊಬ್ಬರು ವಯಸ್ಸಿನ ಕಾರಣದಿಂದ ಕಾರು ಓಡಿಸುವುದನ್ನು ನಿಲ್ಲಿಸಿದಾಗ ಅವರ 1998ರ ಬ್ಯೂಕ್ ಲೆಸೇಬರ್ ಕಾರನ್ನು ನಾನು ಕೊಂಡುಕೊಂಡೆ. ಇದುವರೆಗೆ 1,38,000 ಮೈಲಿ ಓಡಿದ್ದು, ಎಂಜಿನ್ ಸದ್ದಿಲ್ಲದೆ ನಡೆಯುತ್ತಿದೆ. ಕೂಲೆಂಟ್ ಕಡಿಮೆಯಾಗುತ್ತಿಲ್ಲ, ಆಯಿಲಿನಲ್ಲೂ ನೀರಿನ ಸುಳಿವಿಲ್ಲ. ಆದರೂ 3800 ಎಂದು ಕರೆಯುವ 3.8 ಲೀಟರಿನ ಈ ವಿ6 ಎಂಜಿನ್ನಿನ ಎರಡನೆಯ ಸರಣಿಯಲ್ಲಿ, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಮೇಲಿನ ಭಾಗ ಪ್ಲಾಸ್ಟಿಕ್ಕಿನದು ಎಂಬುದನ್ನೂ, ಬಿಸಿ ಹೊಗೆಯನ್ನು ಒಳಗೆ ತರುವ ಇಜಿಆರ್ ಕೊಳವೆ ಆ ಪ್ಲಾಸ್ಟಿಕ್ಕಿನ ನಡುವೆಯೇ ಹಾದುಹೋಗುವುದರಿಂದ ವರ್ಷಗಳ ಶಾಖಕ್ಕೆ ಅದು ಸವೆದು ಪಕ್ಕದ ಕೂಲೆಂಟ್ ದಾರಿಯಿಂದ ನೀರು ಸಿಲಿಂಡರಿಗೆ ಇಳಿಯುವ ಸಂಭವವಿದೆ ಎಂಬುದನ್ನೂ ಬಲ್ಲವರು ಹೇಳಿದ್ದಾರೆ. ಹಾಗಾಗುವ ಮೊದಲೇ, ಚಳಿಗಾಲ ಶುರುವಾಗುವುದರೊಳಗೆ, ಮೇಲಿನ ಮ್ಯಾನಿಫೋಲ್ಡನ್ನೂ ಕೆಳಗಿನ ಅಲ್ಯೂಮಿನಿಯಂ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟುಗಳನ್ನೂ ನಾನೇ ಬದಲಿಸಬೇಕೆಂದಿದ್ದೇನೆ.

ಬ್ರೇಕ್, ಆಲ್ಟರ್ನೇಟರ್, ರೇಡಿಯೇಟರ್ ಕೆಲಸಗಳನ್ನು ಮಾಡಿ ಅಭ್ಯಾಸವಿದೆ. ಪೆಟ್ರೋಲ್ ಪೈಪಿಗೆ ಮಾತ್ರ ಇದುವರೆಗೆ ಕೈಹಾಕಿಲ್ಲ. ಆರು ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಫ್ಯೂಯಲ್ ರೈಲನ್ನು ಎತ್ತದೆ ಮ್ಯಾನಿಫೋಲ್ಡ್ ಹೊರಗೆ ಬರುವುದಿಲ್ಲ ಎಂದು ತಿಳಿದಿದೆ. ರೈಲಿಗೆ ಬಂದು ಸೇರುವ ಎರಡು ಪೈಪುಗಳನ್ನು ಬಿಚ್ಚಲೇಬೇಕೆ, ಅಥವಾ ಪೈಪುಗಳ ಸಮೇತ ರೈಲನ್ನು ಎತ್ತಿ ಪಕ್ಕಕ್ಕೆ ಕಟ್ಟಿಡಬಹುದೇ ಎಂಬುದು ನನ್ನ ಮೊದಲ ಸಂದೇಹ. ಬಿಚ್ಚುವುದಾದರೆ ಅಲ್ಲಿ ನಟ್ಟೂ ಇಲ್ಲ, ಹೋಸ್ ಕ್ಲಿಪ್ಪೂ ಇಲ್ಲ. ಒಂದರೊಳಗೊಂದು ತೂರಿಕೊಂಡ ಲೋಹದ ಜೋಡಣೆ ಮಾತ್ರ ಕಾಣುತ್ತಿದೆ, ಅದರ ಸುತ್ತ ತುಕ್ಕಿನ ಪುಡಿಯೂ ಇದೆ. ಒಳಗಿನ ಒತ್ತಡ ಪೂರ್ತಿ ಇಳಿದಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆಂಬುದನ್ನೂ ದಯವಿಟ್ಟು ತಿಳಿಸಿ. ನಮ್ಮ ಗರಾಜು ಮನೆಗೆ ಅಂಟಿಕೊಂಡೇ ಇದೆ, ಮೂಲೆಯಲ್ಲಿ ಗ್ಯಾಸಿನ ವಾಟರ್ ಹೀಟರ್ ಇದೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವುದರಿಂದ ಈ ಒಂದು ಭಾಗದಲ್ಲಿ ಊಹೆಯ ಮೇಲೆ ಮುಂದುವರಿಯಲು ನನಗೆ ಮನಸ್ಸಿಲ್ಲ.

ಉತ್ತರ: ಕೊಲಂಬಸ್, ಒಹಾಯೊ

ನಮಸ್ಕಾರ. ಇದೇ ಎಂಜಿನ್ನಿನಲ್ಲಿ ಈ ಕೆಲಸವನ್ನು ನಾನು ಎರಡು ಬಾರಿ ಮಾಡಿದ್ದೇನೆ, ಒಮ್ಮೆ ಪೈಪುಗಳನ್ನು ಬಿಚ್ಚದೆ, ಇನ್ನೊಮ್ಮೆ ಬಿಚ್ಚಿ. ಮೇಲಿನ ಪ್ಲಾಸ್ಟಿಕ್ ಭಾಗವನ್ನಷ್ಟೇ ಬದಲಿಸುವುದಾದರೆ ಬಿಚ್ಚದೆಯೂ ಮುಗಿಸಬಹುದು. ರೈಲನ್ನು ಹಿಡಿದಿರುವ ನಟ್ಟುಗಳನ್ನು ತೆಗೆದು, ಇಂಜೆಕ್ಟರುಗಳ ವಯರ್ ಕನೆಕ್ಟರುಗಳನ್ನೂ ಪೆಟ್ರೋಲಿನ ಒತ್ತಡವನ್ನು ಹಿಡಿತದಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸನ್ನೂ ಬಿಡಿಸಿ, ಆರೂ ಇಂಜೆಕ್ಟರುಗಳ ಸಮೇತ ರೈಲನ್ನು ನೇರವಾಗಿ ಮೇಲಕ್ಕೆತ್ತಿ ಹಗ್ಗದಿಂದ ಒಂದು ಪಕ್ಕಕ್ಕೆ ಕಟ್ಟಬಹುದು. ಆದರೆ ನೀವು ಕೆಳಗಿನ ಮ್ಯಾನಿಫೋಲ್ಡನ್ನೂ ತೆಗೆಯುವವರು. ಗ್ಯಾಸ್ಕೆಟ್ಟಿನ ಹಳೆಯ ಅಂಟನ್ನು ಕೆರೆದು ಸ್ವಚ್ಛಗೊಳಿಸುವುದಕ್ಕೇ ಒಂದೆರಡು ಗಂಟೆ ಬೇಕು, ಅಷ್ಟು ಹೊತ್ತೂ ರೈಲು ಅದೇ ಪೈಪುಗಳಿಗೆ ಜೋತುಬಿದ್ದಿರುತ್ತದೆ. ಇಪ್ಪತ್ತೈದು ವರ್ಷ ದಾಟಿದ ನೈಲಾನ್ ಪೈಪು ಹೊರನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ, ಬಾಗಿಸಿದಾಗ ಮಾತ್ರ ಅದರ ವಯಸ್ಸು ಗೊತ್ತಾಗುತ್ತದೆ. ಆದ್ದರಿಂದ ನಿಮ್ಮ ಕೆಲಸಕ್ಕೆ ಬಿಚ್ಚುವುದೇ ಮೇಲು.

ಒತ್ತಡದ ವಿಷಯಕ್ಕೆ ಬರೋಣ. ಈ ಎಂಜಿನ್ನಿನಲ್ಲಿ ಇಗ್ನಿಷನ್ ಆನ್ ಮಾಡಿ ಎಂಜಿನ್ ಚಾಲೂ ಮಾಡದಿದ್ದಾಗ ರೈಲಿನಲ್ಲಿ 48ರಿಂದ 55 ಪಿಎಸ್‌ಐ ಒತ್ತಡವಿರಬೇಕು. ಕಾರಿನ ಟಯರಿಗೆ ನಾವು ತುಂಬಿಸುವ 33 ಪಿಎಸ್‌ಐ ಗಾಳಿಯ ಸುಮಾರು ಒಂದೂವರೆ ಪಟ್ಟು ಇದು. ಎಂಜಿನ್ ನಿಲ್ಲಿಸಿ ಗಂಟೆಗಳು ಕಳೆದ ಮೇಲೂ ಅದರಲ್ಲಿ ಬಹುಪಾಲು ಹಾಗೆಯೇ ಉಳಿದಿರಬಹುದಾದ್ದರಿಂದ, ಕಾರು ರಾತ್ರಿಯೆಲ್ಲ ನಿಂತಿತ್ತು ಎಂಬ ಕಾರಣಕ್ಕೆ ಒತ್ತಡ ಇಳಿದಿದೆ ಎಂದು ತಿಳಿಯಬಾರದು.

ಮೊದಲು ಎಂಜಿನ್ ಪೂರ್ತಿ ತಣ್ಣಗಾಗಲಿ. ಆಮೇಲೆ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ, ಏಕೆಂದರೆ ಟ್ಯಾಂಕಿನೊಳಗೆ ಸೇರಿಕೊಂಡ ಆವಿಯೂ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಅನಂತರ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ರೈಲಿನ ಮೇಲೆ ಒಂದು ಸಣ್ಣ ಮುಚ್ಚಳವಿದೆ. ಅದನ್ನು ತಿರುಗಿಸಿ ತೆಗೆದರೆ ಒಳಗೆ ಟಯರಿನ ವಾಲ್ವ್ ಪಿನ್ನಿನಂಥದೇ ಒಂದು ಪಿನ್ ಕಾಣುತ್ತದೆ. ಫ್ಯೂಯಲ್ ಪ್ರೆಷರ್ ಗೇಜನ್ನು ಅಲ್ಲಿಗೆ ಜೋಡಿಸುವಾಗ ಸುತ್ತ ಒಂದು ಬಟ್ಟೆ ಹಿಡಿಯಿರಿ, ಗೇಜಿನ ಉದ್ದನೆಯ ಹೋಸನ್ನು ಪೆಟ್ರೋಲಿಗೆಂದೇ ಇರುವ ಡಬ್ಬಕ್ಕೆ ಬಿಡಿ, ಬಳಿಕ ಗುಂಡಿ ಒತ್ತಿ ಮುಳ್ಳು ಸೊನ್ನೆಗೆ ಬರುವವರೆಗೆ ಇಳಿಸಿ. ಸ್ಕ್ರೂಡ್ರೈವರಿನ ತುದಿಯಿಂದ ಆ ಪಿನ್ನನ್ನು ಒತ್ತಿಬಿಡುವವರೂ ಇದ್ದಾರೆ. ನೀವು ಹಾಗೆ ಮಾಡಬೇಡಿ, ಚಿಮ್ಮಿದ ಪೆಟ್ರೋಲ್ ಕಣ್ಣಿಗೆ ಸಿಡಿಯುತ್ತದೆ. ಗೇಜ್ ಸಿಗದಿದ್ದರೆ ಬ್ಯಾಟರಿ ಬಿಚ್ಚುವ ಮೊದಲೇ ಪಂಪಿನ ರಿಲೇ ತೆಗೆದು, ಎಂಜಿನ್ನನ್ನು ಚಾಲೂ ಮಾಡಿ ಅದು ತಾನಾಗಿ ನಿಲ್ಲುವವರೆಗೆ ಬಿಟ್ಟು, ಮತ್ತೆ ಮೂರು ಸೆಕೆಂಡು ಸ್ಟಾರ್ಟರ್ ತಿರುಗಿಸುವ ದಾರಿಯಿದೆ. ನನಗೆ ಗೇಜೇ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಒತ್ತಡ ಎಷ್ಟು ಉಳಿದಿದೆ ಎಂಬುದನ್ನು ಅಲ್ಲಿ ಕಣ್ಣಿನಿಂದಲೇ ನೋಡಬಹುದು. ಕೆಲಸವೆಲ್ಲ ಮುಗಿದ ಮೇಲಿನ ಪರೀಕ್ಷೆಗೂ ಅದು ಬೇಕಾಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಒತ್ತಡ ಇಳಿಯುವುದೇ ಬೇರೆ, ಪೆಟ್ರೋಲ್ ಖಾಲಿಯಾಗುವುದೇ ಬೇರೆ. ಮುಳ್ಳು ಸೊನ್ನೆ ತೋರಿಸಿದ ಮೇಲೂ ರೈಲು ಮತ್ತು ಪೈಪುಗಳ ತುಂಬ ಪೆಟ್ರೋಲ್ ಇದ್ದೇ ಇರುತ್ತದೆ. ಜೋಡಣೆ ಬಿಟ್ಟ ಕೂಡಲೇ ಅದು ಸುರಿಯುತ್ತದೆ, ರೈಲು ಓರೆಯಾದರೆ ಇನ್ನಷ್ಟು ಬರುತ್ತದೆ. ಒತ್ತಡ ಇಳಿಸಿಯಾಯಿತಲ್ಲ ಎಂದು ಬಟ್ಟೆಯೂ ಇಲ್ಲದೆ, ಕೆಳಗೆ ತಟ್ಟೆಯೂ ಇಲ್ಲದೆ ಎಳೆಯುವವರೇ ಹೆಚ್ಚು. ಆರಂಭಿಸುವ ಮೊದಲೇ ಕೆಳಗೆ ಅಗಲವಾದ ತಟ್ಟೆ ಇಡಿ. ಜೋಡಣೆಯ ಸುತ್ತ ಹತ್ತಿ ಬಟ್ಟೆ ಸುತ್ತಿ, ನೆನೆದ ಬಟ್ಟೆಯನ್ನು ಆಗಿಂದಾಗಲೇ ಗರಾಜಿನಿಂದ ಹೊರಗೆ ಹಾಕಿ.

ಜೋಡಣೆಗಳಲ್ಲಿ ಪೆಟ್ರೋಲ್ ತರುವ ಪೈಪು ಎಂಟರಲ್ಲಿ ಮೂರಂಶ ಅಂಗುಲದ್ದು, ಟ್ಯಾಂಕಿಗೆ ಹಿಂದಿರುಗುವ ಪೈಪು ಹದಿನಾರರಲ್ಲಿ ಐದಂಶ ಅಂಗುಲದ್ದು. ಇವೆರಡನ್ನೂ ಬಿಡಿಸಲು ಎರಡು ಅಳತೆಯ ಸಣ್ಣ ಹತಾರಗಳು ಬಿಡಿಭಾಗದ ಅಂಗಡಿಗಳಲ್ಲಿ ಒಟ್ಟಿಗೆ ಸಿಗುತ್ತವೆ. ಪ್ಲಾಸ್ಟಿಕ್ಕಿನವು ಬಾಗುತ್ತವೆ, ಆದ್ದರಿಂದ ಅಲ್ಯೂಮಿನಿಯಂನವನ್ನೇ ಕೊಳ್ಳಿ. ನಿಮ್ಮಲ್ಲಿ ತುಕ್ಕಿನ ಪುಡಿ ಇರುವುದರಿಂದ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಬಿಚ್ಚುವ ಮೊದಲು ಧೂಳನ್ನು ಊದಿ ತೆಗೆಯಿರಿ. ಮೇಲೆ ಕಾವಲಿನ ಕ್ಲಿಪ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ಬಳಿಕ ಪೈಪನ್ನು ಎಳೆಯುವ ಬದಲು ಒಮ್ಮೆ ಒಳಕ್ಕೆ ತಳ್ಳಿ. ಒಳಗಿನ ಹಿಡಿಕೆಯ ನಾಲಿಗೆಗಳು ಸಡಿಲವಾಗುವುದು ಆಗಲೇ. ತಳ್ಳಿ ಹಿಡಿದಂತೆಯೇ ಹತಾರವನ್ನು ಪೈಪಿನ ಸುತ್ತ ಕೂರಿಸಿ ನೇರವಾಗಿ ಒಳಗೆ ಒತ್ತಿದರೆ ಪೈಪು ತಾನಾಗಿ ಹೊರಬರುತ್ತದೆ. ಬರದಿದ್ದರೆ ಬಲ ಹಾಕಿ ತಿರುಚಬೇಡಿ, ಮತ್ತೆ ಎಣ್ಣೆ ಹಾಕಿ ಕಾಯಿರಿ.

ಬಿಚ್ಚಿದ ಬಾಯಿಗಳಿಗೆ ರಬ್ಬರಿನ ಮುಚ್ಚಳ ಹಾಕಿ. ಬಟ್ಟೆಯನ್ನು ತುರುಕಿದರೆ ಒಂದೇ ಒಂದು ನೂಲಿನ ಎಳೆ ಇಂಜೆಕ್ಟರಿನೊಳಗೆ ಸೇರಿ ಕೂತರೂ ಮುಂದೆ ವಾರಗಟ್ಟಲೆ ಹುಡುಕಬೇಕಾಗುತ್ತದೆ.

ಉತ್ತರ: ಮೈಸೂರು

ಮೇಲಿನ ಉತ್ತರ ನೀಡಿದ ಮಹನೀಯರು ಕ್ರಮವನ್ನು ಸರಿಯಾಗಿ ವಿವರಿಸಿದ್ದಾರೆ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ವರ್ಕ್‌ಶಾಪಿನಲ್ಲಿ ದುಡಿದು ಈಗ ವಿಶ್ರಾಂತಿಯಲ್ಲಿದ್ದೇನೆ. ಈ ಅಮೆರಿಕನ್ ಎಂಜಿನ್ನನ್ನು ನಾನು ಬಿಚ್ಚಿದವನಲ್ಲ, ಆದರೆ ಪೆಟ್ರೋಲಿನ ಸ್ವಭಾವ ಎಲ್ಲ ಊರಿನಲ್ಲೂ ಒಂದೇ ಆದ್ದರಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ನಾವೆಲ್ಲ ಕಾರ್ಬ್ಯುರೇಟರ್ ಕಾಲದಲ್ಲಿ ಕೆಲಸ ಕಲಿತವರು. ಆಗಿನ ಮೆಕ್ಯಾನಿಕಲ್ ಪಂಪು ಕೊಡುತ್ತಿದ್ದ ಒತ್ತಡ ನಾಲ್ಕೈದು ಪಿಎಸ್‌ಐಯನ್ನು ಮೀರುತ್ತಿರಲಿಲ್ಲ. ಹೋಸ್ ಕ್ಲಿಪ್ ಸಡಿಲಿಸಿ, ಪೈಪು ಎಳೆದು, ಹೆಬ್ಬೆರಳಿನಿಂದ ಬಾಯಿ ಮುಚ್ಚಿ, ಒಂದು ಬೋಲ್ಟನ್ನು ತುರುಕಿದರೆ ಮುಗಿಯಿತು. 2000ನೇ ಇಸವಿಯ ಸುಮಾರಿಗೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರುಗಳಿರುವ ಎಂಪಿಎಫ್‌ಐ ಕಾರುಗಳು ಒಂದೊಂದಾಗಿ ನಮ್ಮ ಶೆಡ್ಡಿಗೆ ಬರತೊಡಗಿದಾಗ ಕಾರು ಬದಲಾಗಿತ್ತು, ನಮ್ಮ ಕೈಯ ಅಭ್ಯಾಸ ಬದಲಾಗಿರಲಿಲ್ಲ. ಅಂದಿನ ಹಲವು ಜಪಾನಿ ಮೂಲದ ಕಾರುಗಳಲ್ಲಿ ಪೆಟ್ರೋಲ್ ಪೈಪಿಗೆ ಬ್ಯಾಂಜೊ ಬೋಲ್ಟ್, ಅಂದರೆ ಪೆಟ್ರೋಲ್ ಹಾದುಹೋಗಲು ಒಳಗೆ ತೂತಿರುವ ಬೋಲ್ಟ್, ಇರುತ್ತಿತ್ತು, ಅದರ ಎರಡು ಬದಿಗೂ ಒಂದೊಂದು ತಾಮ್ರದ ವಾಷರ್. ಅಂಥ ಒಂದು ಕಾರಿನ ಇನ್‌ಟೇಕ್ ಗ್ಯಾಸ್ಕೆಟ್ ಬದಲಿಸಲು ಕುಳಿತ ನಾನು ಒತ್ತಡ ಇಳಿಸದೆಯೇ ಆ ಬೋಲ್ಟನ್ನು ಅರ್ಧ ಸುತ್ತು ತಿರುಗಿಸಿದೆ. ವಾಷರಿನ ಸಂದಿನಿಂದ ಪೆಟ್ರೋಲ್ ತೆಳುವಾದ ಬೀಸಣಿಗೆಯ ಆಕಾರದಲ್ಲಿ ಹಾರಿ, ಬಾನೆಟ್ಟಿಗೆ ನೇತುಹಾಕಿದ್ದ ಹ್ಯಾಂಡ್ ಲ್ಯಾಂಪಿನ ಮೇಲೆ ಬಿತ್ತು. ಅದು ತಂತಿ ಕಾಯುವ ಹಳೆಯ ಬಲ್ಬು. ಟಪ್ಪೆಂದು ಒಡೆದ ಸದ್ದು ಕೇಳಿದ ಕ್ಷಣಕ್ಕೇ ಮೋಟಾರಿನ ಮೇಲೆ ನೀಲಿ ಜ್ವಾಲೆ ಓಡಾಡುತ್ತಿತ್ತು. ಪಕ್ಕದಲ್ಲಿ ಟಿಂಕರಿಂಗ್ ಮಾಡುತ್ತಿದ್ದ ಹುಡುಗ ಒದ್ದೆ ಗೋಣಿಚೀಲವನ್ನು ಎತ್ತಿ ಹೊದಿಸಿದ್ದರಿಂದ ಕಾರೂ ಉಳಿಯಿತು, ನನ್ನ ಬಲಗೈಯೂ ಉಳಿಯಿತು. ಮೊಣಕೈಯ ಬಳಿ ಸುಟ್ಟ ಗುರುತು ಈಗಲೂ ಇದೆ. ತಪ್ಪು ಕಾರಿನದಲ್ಲ, ನನ್ನದೇ.

ಆದ್ದರಿಂದ ಬೆಳಕಿಗೆ ಎಲ್‌ಇಡಿ ದೀಪವನ್ನೇ ಬಳಸಿ, ಅದನ್ನೂ ಪೈಪಿಗಿಂತ ಮೇಲೆ, ದೂರದಲ್ಲಿ ಇಡಿ. ಆ ದಿನ ನಮ್ಮಲ್ಲಿ ಇದ್ದದ್ದು ಗೋಣಿಚೀಲ ಮಾತ್ರ. ನೀವು ಪೆಟ್ರೋಲಿನ ಬೆಂಕಿಗೆ ತಕ್ಕ ಡ್ರೈ ಪೌಡರ್ ಸಿಲಿಂಡರನ್ನು ಕೈಗೆಟುಕುವಷ್ಟು ಹತ್ತಿರ ಇಟ್ಟುಕೊಂಡೇ ಕೆಲಸಕ್ಕೆ ಕೂರಿ. ಬೆಂಕಿ ಹತ್ತಿಕೊಂಡಾಗ ನೀರು ಎರಚಬಾರದು, ಪೆಟ್ರೋಲ್ ನೀರಿನ ಮೇಲೆ ತೇಲಿ ಇನ್ನಷ್ಟು ದೂರಕ್ಕೆ ಹರಡುತ್ತದೆ.

ಇನ್ನು ರಬ್ಬರಿನ ಮಾತು. ಪೈಪು ಬಿಚ್ಚಿದ ಮೇಲೆ ಒಳಗಿನ ಓ-ರಿಂಗುಗಳನ್ನೂ, ಇಂಜೆಕ್ಟರುಗಳ ಮೇಲೆ ಕೆಳಗೆ ಇರುವ ಓ-ರಿಂಗುಗಳನ್ನೂ ಮತ್ತೆ ಬಳಸುವ ಆಸೆ ಬೇಡ. ಅಮೆರಿಕದಲ್ಲಿ ಸಿಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10ರಷ್ಟು ಎಥನಾಲ್ ಇರುತ್ತದೆ. ನಮ್ಮಲ್ಲಿ ಶೇಕಡಾ 20ರ ಮಿಶ್ರಣಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು. ಅಂದಿನಿಂದ ಹಳೆಯ ಕಾರು ಇಟ್ಟುಕೊಂಡವರು ಬಂದು ಕೇಳುವ ಪ್ರಶ್ನೆಗಳಲ್ಲಿ ಅರ್ಧ ಇದರದ್ದೇ. ಮಾಮೂಲಿ ರಬ್ಬರು ಎಥನಾಲಿಗೆ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ ಪೆಟ್ರೋಲನ್ನೂ ಎಥನಾಲನ್ನೂ ತಡೆದುಕೊಳ್ಳುವ ವಿಟಾನ್ ರಬ್ಬರಿನದು ಎಂದು ಕೇಳಿ ಪಡೆಯಿರಿ, ಕೂರಿಸುವ ಮೊದಲು ಪ್ರತಿಯೊಂದಕ್ಕೂ ಹೊಸ ಎಂಜಿನ್ ಆಯಿಲನ್ನು ಬೆರಳಿನಿಂದ ಸವರಿ. ಒಣಗಿದ ಓ-ರಿಂಗನ್ನು ಒತ್ತಿದರೆ ಅದು ಸುರುಳಿಯಾಗಿ ಕತ್ತರಿಸಿಹೋಗುತ್ತದೆ, ಅದು ಕಣ್ಣಿಗೂ ಕಾಣುವುದಿಲ್ಲ.

ಉತ್ತರ: ಮಿನಿಯಾಪೊಲಿಸ್

ನಿಮ್ಮ ವಾಟರ್ ಹೀಟರಿನ ಬಗ್ಗೆ ಮಾತ್ರ ಹೇಳುತ್ತೇನೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆಯೇ ಹರಿದು ಮೂಲೆಗಳಲ್ಲಿ ನಿಲ್ಲುತ್ತದೆ. ಗರಾಜಿನಲ್ಲಿ ಉರಿ ಹೊತ್ತುವ ಭಾಗ ನೆಲದಿಂದ 18 ಅಂಗುಲ ಮೇಲಿರಬೇಕೆಂಬ ನಿಯಮ ಇಲ್ಲಿರುವುದು ಇದೇ ಕಾರಣಕ್ಕೆ. ಆದರೆ ಆ ನಿಯಮ ಯಾವಾಗಲೋ ಬೀಳುವ ಹನಿಗಳನ್ನು ಎಣಿಸಿ ಮಾಡಿದ್ದು, ತಟ್ಟೆಯಲ್ಲಿ ಪೆಟ್ರೋಲ್ ತೆರೆದಿಟ್ಟು ಮಾಡುವ ಕೆಲಸಕ್ಕೆ ಅಲ್ಲ. ಪೈಪು ಬಿಚ್ಚುವ ದಿನ ಕಾರನ್ನು ಗರಾಜಿನಿಂದ ಹೊರಗೆ ನಿಲ್ಲಿಸಿ, ಅದು ಸಾಧ್ಯವಾಗದಿದ್ದರೆ ಹೀಟರಿನ ಗ್ಯಾಸನ್ನು ಪೂರ್ತಿ ಬಂದ್ ಮಾಡಿ ಪೈಲಟ್ ಜ್ವಾಲೆ ಆರಿರುವುದನ್ನು ಕಣ್ಣಾರೆ ನೋಡಿ. ನಮ್ಮ ಈ ಉತ್ತರದ ರಾಜ್ಯಗಳಲ್ಲಿ ಚಳಿ ಶುರುವಾದರೆ ಗಾಳಿ ಒಣಗಿ, ಉಣ್ಣೆಯ ಸ್ವೆಟರಿನಿಂದಲೂ ಕಿಡಿ ಹಾರುತ್ತದೆ. ಹತ್ತಿಯ ಅಂಗಿ ತೊಟ್ಟು, ಜೋಡಣೆಗೆ ಕೈಹಾಕುವ ಮೊದಲು ಪೈಪಿನಿಂದ ದೂರವಿರುವ ಬಾಡಿಯ ಲೋಹವನ್ನು ಒಮ್ಮೆ ಮುಟ್ಟಿ.

ಪ್ರಶ್ನೆ ಕೇಳಿದವರಿಂದ, ಹತ್ತು ದಿನಗಳ ನಂತರ

ಉತ್ತರಿಸಿದ ಮೂವರಿಗೂ ಕೃತಜ್ಞತೆಗಳು. ಕೆಲಸ ಮುಗಿದಿದೆ, ಕಾರು ಓಡುತ್ತಿದೆ. ಮುಂದೆ ಈ ಕೆಲಸಕ್ಕೆ ಕೈಹಾಕುವವರಿಗೆ ನೆರವಾಗಬಹುದೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಕಾರನ್ನು ಮನೆಯ ಮುಂದಿನ ಕಾಂಕ್ರೀಟಿಗೆ ತಂದು, ಗೇಜ್ ಜೋಡಿಸಿ ಬಿಟ್ಟಾಗ ಹಿಂದಿನ ಸಂಜೆಯಿಂದ ನಿಂತಿದ್ದ ಎಂಜಿನ್ನಿನಲ್ಲೂ ಮುಳ್ಳು 38ನ್ನು ತೋರಿಸಿತು. ಒತ್ತಡ ಇಳಿಸದೆ ಹತಾರ ಹಾಕಿ ಎಳೆದಿದ್ದರೆ ಏನಾಗುತ್ತಿತ್ತೆಂದು ಆಗ ಅರಿವಾಯಿತು. ಸೊನ್ನೆಗೆ ಇಳಿಸಿದ ಮೇಲೆ ದೊಡ್ಡ ಪೈಪು ಹೇಳಿದಂತೆಯೇ ಒಮ್ಮೆ ತಳ್ಳಿದ ಕೂಡಲೇ ಬಿಟ್ಟುಕೊಟ್ಟಿತು. ಬಿಟ್ಟಾಗ ಸುರಿದದ್ದು ಒಂದು ಟೀ ಲೋಟದಷ್ಟು ಪೆಟ್ರೋಲ್. ಹಿಂದಿರುಗುವ ಸಣ್ಣ ಪೈಪು ಮಾತ್ರ ಹಟ ಮಾಡಿತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಬಾರಿ ಎಣ್ಣೆ ಹಾಕಿ, ಪ್ರತಿ ಬಾರಿಯೂ ಒಳಕ್ಕೆ ತಳ್ಳಿ ಬಿಟ್ಟು, ತುಕ್ಕಿನ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದ ಮೇಲೆ ಅದೂ ಬಂತು.

ಮೇಲಿನ ಮ್ಯಾನಿಫೋಲ್ಡನ್ನು ತಲೆಕೆಳಗು ಮಾಡಿ ನೋಡಿದೆ. ಇಜಿಆರ್ ಕೊಳವೆಯ ಸುತ್ತಲಿನ ಪ್ಲಾಸ್ಟಿಕ್ ಕಂದಿ, ಉಗುರಿನಿಂದ ಕೆರೆದರೆ ಪುಡಿ ಬೀಳುವಂತಿತ್ತು. ಇಪ್ಪತ್ತೇಳು ವರ್ಷದ ಶಾಖಕ್ಕೆ ಅಷ್ಟಾದರೂ ತಡೆದುಕೊಂಡಿತ್ತು, ನೀರಿನ ದಾರಿಯವರೆಗೆ ಬಿರುಕು ಹೋಗಿರಲಿಲ್ಲ. ಕೆಳಗಿನ ಮ್ಯಾನಿಫೋಲ್ಡಿನ ಎರಡು ಬೋಲ್ಟುಗಳು ಮೇಲಿನ ಭಾಗದ ಅಡಿಯಲ್ಲಿ ಅಡಗಿರುತ್ತವೆ ಎಂಬುದನ್ನು ಮೊದಲೇ ಓದಿಕೊಂಡಿದ್ದರಿಂದ ಅದು ಅಂಟಿಕೊಂಡಿದೆ ಎಂದು ತಪ್ಪು ತಿಳಿದು ಮೀಟಲಿಲ್ಲ. ಕೂಲೆಂಟ್ ಸಾಗಿಸುವ ಎರಡು ಪ್ಲಾಸ್ಟಿಕ್ ಮೊಣಕೈ ಕೊಳವೆಗಳಿಗೆ ಬದಲಾಗಿ ಅಲ್ಯೂಮಿನಿಯಂನವನ್ನು ಹಾಕಿದೆ. ಕೆಳಗಿನ ಬೋಲ್ಟುಗಳನ್ನು 11 ಅಡಿ-ಪೌಂಡಿಗೆ, ಮೇಲಿನವನ್ನು 89 ಅಂಗುಲ-ಪೌಂಡಿಗೆ ಬಿಗಿ ಮಾಡಿದೆ. ಅಂಗುಲ-ಪೌಂಡು ಎಂಬುದನ್ನು ಅಡಿ-ಪೌಂಡು ಎಂದು ಓದಿಕೊಂಡರೆ ಹೊಸ ಪ್ಲಾಸ್ಟಿಕ್ ಅಲ್ಲಿಯೇ ಸೀಳುತ್ತದೆ, ದಯವಿಟ್ಟು ಗಮನಿಸಿ. ತೆಗೆಯುವಾಗ ಸ್ವಲ್ಪ ಕೂಲೆಂಟ್ ಎಂಜಿನ್ನಿನ ಒಳಗೆ ಇಳಿದಿದ್ದರಿಂದ ಆಯಿಲನ್ನೂ ಫಿಲ್ಟರನ್ನೂ ಬದಲಿಸಿಯೇ ಚಾಲೂ ಮಾಡಿದೆ.

ಪೈಪು ಮತ್ತೆ ಜೋಡಿಸುವಾಗ ದೊಡ್ಡದು ಟಕ್ ಎಂದು ಕೂತಿತು. ಸಣ್ಣದರಲ್ಲಿ ಸದ್ದೇನೂ ಬರಲಿಲ್ಲ, ಎಳೆದು ನೋಡಿದರೆ ಗಟ್ಟಿಯಾಗಿಯೇ ಇದ್ದಂತೆ ಕಂಡಿತು. ಮನಸ್ಸು ಒಪ್ಪದೆ ಮತ್ತೆ ಬಿಚ್ಚಿದೆ. ಒಳಗಿನ ಹಿಡಿಕೆಯ ಒಂದು ನಾಲಿಗೆಯ ಹಿಂದೆ ಸಾಸಿವೆ ಕಾಳಿನಷ್ಟು ತುಕ್ಕಿನ ಚೂರು ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಒತ್ತಿದ ಮೇಲೆ ಸದ್ದು ಕೇಳಿಸಿತು. ಎಂಜಿನ್ ಚಾಲೂ ಮಾಡುವ ಮೊದಲು ಇಗ್ನಿಷನ್ನನ್ನು ಎರಡು ಸೆಕೆಂಡು ಆನ್, ಹತ್ತು ಸೆಕೆಂಡು ಆಫ್, ಮತ್ತೆ ಆನ್ ಮಾಡಿ, ಒಣ ಟಿಶ್ಯೂ ಕಾಗದದಿಂದ ಪ್ರತಿಯೊಂದು ಜೋಡಣೆಯನ್ನೂ ಪ್ರತಿಯೊಂದು ಇಂಜೆಕ್ಟರಿನ ಬುಡವನ್ನೂ ಒರೆಸಿ ನೋಡಿದೆ. ಎಲ್ಲಿಯೂ ತೇವವಿರಲಿಲ್ಲ.

ಒಂದು ಸಂದೇಹ ಉಳಿದಿದೆ. ಪಂಪು ನಿಂತ ಮೇಲೆ ಮುಳ್ಳು 51ರಿಂದ 48ಕ್ಕೆ ಇಳಿದು ಅಲ್ಲಿಯೇ ನಿಂತಿತು. ಇದು ಸೋರಿಕೆಯೇ?

ಉತ್ತರ: ಕೊಲಂಬಸ್, ಒಹಾಯೊ

ಪಂಪು ನಿಂತ ಕೂಡಲೇ ಸ್ವಲ್ಪ ಇಳಿದು ಆಮೇಲೆ ನಿಲ್ಲುವುದು ಸಹಜ. ನಿಲ್ಲದೆ ಇಳಿಯುತ್ತಲೇ ಹೋದರೆ ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್, ಇಂಜೆಕ್ಟರ್ ಅಥವಾ ರೆಗ್ಯುಲೇಟರ್ ಈ ಮೂರರಲ್ಲಿ ಒಂದನ್ನು ಸಂಶಯಿಸಬೇಕು. ಗೇಜ್ ಇನ್ನೂ ಅಲ್ಲಿಯೇ ಇದ್ದರೆ ಒಂದು ಪರೀಕ್ಷೆ ಮಾಡಿ. ಎಂಜಿನ್ ಐಡಲ್‌ನಲ್ಲಿದ್ದಾಗ ಒತ್ತಡ ಕೆಲವು ಪಿಎಸ್‌ಐ ಕಡಿಮೆ ಇರಬೇಕು, ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸನ್ನು ಎಳೆದಾಗ ಮೇಲಕ್ಕೇರಬೇಕು. ಎಳೆದ ಹೋಸಿನ ಬಾಯಿಯನ್ನು ಮೂಸಿಯೂ ನೋಡಿ. ಅಲ್ಲಿ ಪೆಟ್ರೋಲಿನ ವಾಸನೆ ಅಥವಾ ತೇವವಿದ್ದರೆ ರೆಗ್ಯುಲೇಟರಿನ ಒಳಗಿನ ತೆಳು ಪರದೆ (ಡಯಾಫ್ರಮ್) ಹರಿದಿದೆ ಎಂದರ್ಥ, ಆಗ ಅದನ್ನು ಬದಲಿಸದೆ ಕಾರನ್ನು ಓಡಿಸಬಾರದು.

ಪ್ರಶ್ನೆ ಕೇಳಿದವರಿಂದ

ಈಗಷ್ಟೇ ನೋಡಿ ಬಂದೆ. ಐಡಲ್‌ನಲ್ಲಿ 43, ಹೋಸ್ ಎಳೆದಾಗ 50. ಹೋಸಿನ ಬಾಯಿ ಪೂರ್ತಿ ಒಣಗಿದೆ, ವಾಸನೆಯೂ ಇಲ್ಲ. ಗೇಜನ್ನು ಬಿಚ್ಚಿ, ಪಿನ್ನಿನ ಮೇಲಿನ ಮುಚ್ಚಳವನ್ನು ಮರೆಯದೆ ಹಾಕಿದ್ದೇನೆ.